ಬೆಲ್ಟ್ ಹರಿಯಲಿಲ್ಲ, ಆದರೂ ಪೆಟ್ಟಿಗೆ ಜಾರಿದ್ದೇಕೆ?

ಪ್ರಶ್ನೆ: ತೆರೆದ ಲಾರಿಯ ಮರದ ತಳದ ಮೇಲೆ 1,200 ಕಿಲೋ ತೂಕದ ಯಂತ್ರದ ಪೆಟ್ಟಿಗೆಯನ್ನಿಟ್ಟು, 50 ಮಿಲಿಮೀಟರ್ ಅಗಲದ, ಹಲ್ಲುಚಕ್ರದ ಹಿಡಿ ಎಳೆದು ಬಿಗಿಯುವ ಎರಡು ರ‍್ಯಾಚೆಟ್ ಬೆಲ್ಟ್‌ಗಳನ್ನು ಅದರ ಮೇಲಿಂದ ಅಡ್ಡಲಾಗಿ ಹಾಯಿಸಿ ಬಿಗಿದಿದ್ದೆವು. ಪೆಟ್ಟಿಗೆ ಗಿಡ್ಡವಾಗಿದ್ದರಿಂದ ಬೆಲ್ಟ್‌ಗಳು ಎರಡೂ ಬದಿಗೆ ಬಹಳ ಓರೆಯಾಗಿ ಇಳಿದಿದ್ದವು. ಎರಡರ ಲೇಬಲ್ ಮೇಲೂ ‘ಎಲ್‌ಸಿ 2,500’ ಎಂದಿತ್ತು. ಜೋರಾಗಿ ಬ್ರೇಕ್ ಹಾಕಿದಾಗ ಪೆಟ್ಟಿಗೆ ಒಂದಡಿ ಮುಂದೆ ಜಾರಿತು. ಬೆಲ್ಟ್ ಕಳಪೆಯೇ? ಹಿಡಿಗೆ ಪೈಪ್ ತೂರಿಸಿ ಇನ್ನಷ್ಟು ಬಿಗಿಯಬಹುದೇ?

ಉತ್ತರ: ಬೆಲ್ಟ್ ಕಳಪೆಯಲ್ಲ. ನೀವು ನಂಬಿದ ಅಂಕಿ ನೀವು ಕಟ್ಟಿದ ರೀತಿಗೆ ಸಂಬಂಧಿಸಿದ್ದಲ್ಲ. ಎಲ್‌ಸಿ ಎಂಬುದು ಬೆಲ್ಟನ್ನು ನೇರವಾಗಿ ಎಳೆದಾಗ ಅದು ತಡೆಯಬಲ್ಲ ಗರಿಷ್ಠ ಬಲ. ಅದರ ಅಳತೆ ಡೆಕಾನ್ಯೂಟನ್, ಅಂದರೆ ಸರಿಸುಮಾರು ಒಂದು ಕಿಲೋ ತೂಕದಷ್ಟು ಬಲ. ಸರಕಿನ ಮೇಲಿಂದ ಹಾಯಿಸಿ ಬಿಗಿದಾಗ ಬೆಲ್ಟ್ ಸರಕನ್ನು ಹಿಡಿದು ನಿಲ್ಲಿಸುವುದಿಲ್ಲ, ತಳಕ್ಕೆ ಒತ್ತುತ್ತದೆ ಅಷ್ಟೆ. ಜಾರದಂತೆ ತಡೆಯುವುದು ಪೆಟ್ಟಿಗೆಗೂ ತಳಕ್ಕೂ ನಡುವಿನ ಘರ್ಷಣೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಅದೇ ಲೇಬಲ್‌ನಲ್ಲಿ ‘ಎಸ್‌ಟಿಎಫ್’ ಎಂದು ಬರೆದಿರುವ ಅಂಕಿಯನ್ನು. 50 ಡೆಕಾನ್ಯೂಟನ್ ಕೈಬಲದಿಂದ ಹಿಡಿಯನ್ನು ಎಳೆದಾಗ ಬೆಲ್ಟ್‌ನಲ್ಲಿ ಉಳಿಯುವ ಬಿಗಿತ ಅದು. ಸಾಮಾನ್ಯ ಗಿಡ್ಡ ಹಿಡಿಯ ರ‍್ಯಾಚೆಟ್‌ನಲ್ಲಿ ಅದು 300ರ ಆಸುಪಾಸಿನಲ್ಲಿರುತ್ತದೆ, 2,500 ಅಲ್ಲ.

ನಿಮ್ಮ ಪೆಟ್ಟಿಗೆಯ ಲೆಕ್ಕವನ್ನೇ ಮಾಡೋಣ. ಯುರೋಪಿನ ಇಎನ್ 12195 ಮಾನದಂಡದ ಪ್ರಕಾರ ರಸ್ತೆಯಲ್ಲಿ ಸಾಗುವ ಸರಕನ್ನು ಮುಂದಕ್ಕೆ ಅದರ ತೂಕದ 0.8 ಪಟ್ಟು, ಪಕ್ಕಕ್ಕೂ ಹಿಂದಕ್ಕೂ 0.5 ಪಟ್ಟು ಬಲವನ್ನು ತಡೆಯುವಂತೆ ಕಟ್ಟಬೇಕು. 1,200 ಕಿಲೋಗೆ ಮುಂದಿನ ದಿಕ್ಕಿನಲ್ಲಿ ಸುಮಾರು 960 ಡೆಕಾನ್ಯೂಟನ್ ಆಯಿತು. ಮರದ ಮೇಲಿನ ಮರಕ್ಕೆ ಘರ್ಷಣಾಂಕ, ಅಂದರೆ ಒತ್ತುವ ಬಲದಲ್ಲಿ ಜಾರಿಕೆಯನ್ನು ತಡೆಯುವ ಪಾಲು, 0.4 ಎಂದಿಟ್ಟುಕೊಂಡರೆ ಪೆಟ್ಟಿಗೆಯ ಸ್ವಂತ ತೂಕವೇ 480ನ್ನು ತಡೆಯುತ್ತದೆ. ಬೆಲ್ಟ್ ಎರಡೂ ಬದಿಯಲ್ಲಿ ಲಂಬವಾಗಿ ಇಳಿದಿದ್ದರೆ ಒಂದೊಂದು ಬದಿಗೆ 300ರಂತೆ 600ರಷ್ಟು ಒತ್ತಿ ತಲಾ 240 ಕೊಡುತ್ತಿತ್ತು, ಎರಡೂ ಸೇರಿ 480. ಲೆಕ್ಕ ಅಂಚಿಗೆ ಬಂದು ನಿಲ್ಲುತ್ತಿತ್ತು. ಆದರೆ ತಳದಿಂದ 30 ಡಿಗ್ರಿಯಷ್ಟೇ ಕೋನವಿದ್ದಾಗ ಒತ್ತುವ ಬಲ ಅರ್ಧಕ್ಕಿಳಿಯುತ್ತದೆ. ಎರಡು ಬೆಲ್ಟ್ ಸೇರಿ ಕೊಟ್ಟದ್ದು 240, ಕೊರತೆಯೂ 240. ಮೂಲೆಗಳಲ್ಲಿ ಬೆಲ್ಟ್ ಉಜ್ಜಿ, ರ‍್ಯಾಚೆಟ್ ಇಲ್ಲದ ಬದಿಗೆ ಬಿಗಿತ ಪೂರ್ತಿ ತಲುಪದೇ ಹೋಗುವುದನ್ನು ನಾನು ಇದರಲ್ಲಿ ಸೇರಿಸಿಯೇ ಇಲ್ಲ.

ಇದೇ ಪೆಟ್ಟಿಗೆಯ ಅಡಿಗೆ ಜಾರುನಿರೋಧಕ ರಬ್ಬರ್ ಮ್ಯಾಟ್ ಹಾಕಿ ಘರ್ಷಣಾಂಕವನ್ನು 0.6ಕ್ಕೆ ಏರಿಸಿದರೆ ತೂಕವೇ 720ನ್ನು ತಡೆಯುತ್ತದೆ, ಅದೇ ಓರೆ ಬೆಲ್ಟ್‌ಗಳಿಂದ 360 ಸಿಗುತ್ತದೆ, ಒಟ್ಟು 1,080. ಮೂರನೆಯ ಬೆಲ್ಟ್ ಕೊಳ್ಳುವ ಮೊದಲು ಮ್ಯಾಟ್ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ತಳದಲ್ಲಿ ಮರಳು, ಎಣ್ಣೆ ಅಥವಾ ಮಂಜು ಇದ್ದರೆ ಈ ಲೆಕ್ಕವೆಲ್ಲ ಕುಸಿಯುತ್ತದೆ, ಹಾಗಾಗಿ ಮೊದಲು ಗುಡಿಸಿ ಒರೆಸಿ. ಸಾಧ್ಯವಿದ್ದರೆ ಪೆಟ್ಟಿಗೆಯನ್ನು ಗಟ್ಟಿಯಾದ ಮುಂಗೋಡೆಗೆ ತಾಗಿಸಿಯೇ ಇಡಿ. ಗಾಡಿಯ ತೂಕದ ಹಂಚಿಕೆ ಅದಕ್ಕೆ ಒಪ್ಪದಿದ್ದರೆ ಪೆಟ್ಟಿಗೆಯ ಮುಂಬದಿಯನ್ನು ಸುತ್ತುವರಿದು ಹಿಂದಕ್ಕೆಳೆಯುವಂತೆ ಇನ್ನೊಂದು ಬೆಲ್ಟ್ ಕಟ್ಟಿ. ಎಲ್‌ಸಿ ಅಂಕಿ ನಿಜವಾಗಿ ಉಪಯೋಗಕ್ಕೆ ಬರುವುದು ಅಂಥ ಕಟ್ಟಿನಲ್ಲಿ.

ಪೈಪ್ ತೂರಿಸುವುದು ಬೇಡವೇ ಬೇಡ. ರ‍್ಯಾಚೆಟ್‌ನ ಹಲ್ಲು, ಚಿಲಕ, ಉರುಳೆ ಎಲ್ಲವೂ ಕೈಬಲಕ್ಕೆಂದೇ ಮಾಡಿದವು. ಅವು ಬಾಗಿದ್ದು ಕಣ್ಣಿಗೆ ಬೀಳದೇ ಇರಬಹುದು, ಮತ್ತು ಬಿಚ್ಚುವಾಗ ಹಿಡಿ ಚಿಮ್ಮಿ ಮುಖಕ್ಕೆ ಬಡಿಯಬಹುದು. ಹೆಚ್ಚು ಬಿಗಿತ ಬೇಕಾದರೆ ಉದ್ದ ಹಿಡಿಯ, ಎಸ್‌ಟಿಎಫ್ 500ರಷ್ಟಿರುವ ರ‍್ಯಾಚೆಟ್ ಸಿಗುತ್ತದೆ. ಉರುಳೆಯ ಮೇಲೆ ಬೆಲ್ಟ್ ಕನಿಷ್ಠ ಒಂದೂವರೆ ಸುತ್ತು ಬಂದಿರಬೇಕು. ಮೂರು ಸುತ್ತಿಗಿಂತ ಹೆಚ್ಚಾದರೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಸಡಿಲವನ್ನೆಲ್ಲ ಮೊದಲೇ ಕೈಯಿಂದ ಎಳೆದು ತೆಗೆಯಿರಿ. ಹೊರಟ ಮೇಲೆ ಸರಕು ಕುಳಿತುಕೊಂಡು ಬೆಲ್ಟ್ ಸಡಿಲವಾಗುವುದರಿಂದ ಸ್ವಲ್ಪ ದೂರದಲ್ಲೇ ನಿಲ್ಲಿಸಿ ಮತ್ತೆ ಬಿಗಿಯಿರಿ. ಅಮೆರಿಕದ ನಿಯಮಗಳು ಮೊದಲ 50 ಮೈಲಿಯೊಳಗೆ, ಎಂದರೆ ಸುಮಾರು 80 ಕಿಲೋಮೀಟರಿನೊಳಗೆ, ಈ ಪರೀಕ್ಷೆಯನ್ನು ಕಡ್ಡಾಯ ಮಾಡಿವೆ. ನಾನಾದರೆ ಅಷ್ಟು ದೂರ ಕಾಯುವುದಿಲ್ಲ.

ಪ್ರಶ್ನೆ: ನನ್ನ ಬೆಲ್ಟ್‌ನ ಅಂಚು ಸ್ವಲ್ಪ ಕತ್ತರಿಸಿದೆ. ಗಂಟು ಹಾಕಿ ಬಳಸಬಹುದೇ?

ಉತ್ತರ: ಗಂಟು ಹಾಕಬೇಡಿ, ಗಂಟಿನಲ್ಲಿ ಎಳೆಗಳು ಒಂದನ್ನೊಂದು ಹಿಸುಕುವುದರಿಂದ ಬೆಲ್ಟ್‌ನ ಬಲ ಬಹಳ ಕುಗ್ಗುತ್ತದೆ. ಅಂಚಿನ ಕಡಿತ ಅಗಲದ ಹತ್ತನೇ ಒಂದು ಭಾಗವನ್ನು ಮೀರಿದ್ದರೆ, ಅಂದರೆ 50 ಮಿಲಿಮೀಟರ್ ಬೆಲ್ಟ್‌ನಲ್ಲಿ 5 ಮಿಲಿಮೀಟರ್ ದಾಟಿದ್ದರೆ, ಅದನ್ನು ಕೂಡಲೇ ಕೆಲಸದಿಂದ ತೆಗೆಯಿರಿ. ಹೊಲಿಗೆ ಬಿಟ್ಟಿದ್ದರೂ, ಕೊಕ್ಕೆ ಅಗಲಿದ್ದರೂ, ಲೇಬಲ್ ಕಿತ್ತುಹೋಗಿದ್ದರೂ ಇದೇ ಮಾತು, ಏಕೆಂದರೆ ಲೇಬಲ್ ಇಲ್ಲದ ಬೆಲ್ಟ್‌ನ ಬಲ ಎಷ್ಟೆಂದು ಯಾರೂ ಹೇಳಲಾರರು. ಹೊಸ ಬೆಲ್ಟ್ ತಂದಾಗ ಅದು ಹಾಯುವ ಪ್ರತಿ ಹರಿತ ಮೂಲೆಗೂ ಮೂಲೆರಕ್ಷಕ ಇಡಿ. ನೀಲಿ ಲೇಬಲ್ ಇದ್ದರೆ ಅದು ಪಾಲಿಯೆಸ್ಟರ್. ಕಾಸ್ಟಿಕ್ ಸೋಡಾದಂಥ ಕ್ಷಾರ ಅದಕ್ಕೆ ತಾಗದಂತೆ ನೋಡಿಕೊಳ್ಳಿ. ಸರಕನ್ನು ಎತ್ತಲು ಅದನ್ನು ಎಂದೂ ಬಳಸಬೇಡಿ.