ಹೊಸ ಐಡಿಯಾ ಹೊಳೆಯದಿದ್ದಾಗ ಏನು ಮಾಡುತ್ತೀರಿ?

ನೋಟ್‌ಬುಕ್ ಕವರ್, ಕಾರ್ಡುಗಳಿಗೆ ಚಿತ್ತಾರ ಬರೆಯುವ ಕೆಲಸ ನಿಮ್ಮದು. ಕೆಲವು ತಿಂಗಳಿಂದ ಬರೆದದ್ದೆಲ್ಲ ಒಂದೇ ತರ ಕಾಣುತ್ತಿದೆ, ಫೋನಿನಲ್ಲಿ ಚಿತ್ರ ನೋಡಿದಷ್ಟೂ ತಲೆ ಖಾಲಿಯಾಗುತ್ತಿದೆ, ಬೇರೆಯವರು ಸ್ಫೂರ್ತಿ ಎಲ್ಲಿಂದ ತರುತ್ತಾರೆ ಅಂತ ಕೇಳಿದ್ದೀರಿ.

ನಾನೂ ಅದೇ ಕಸುಬಿನವಳು. ಹುಟ್ಟಿದ್ದು ಧಾರವಾಡದ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ತಲೆ ಓಡದಿದ್ದಾಗ ನಾನು ಮಂಚದ ಕೆಳಗಿನ ಬಟ್ಟೆ ಗಂಟು ಬಿಚ್ಚಿ ಕೌದಿ, ಅಂದರೆ ಹಳೇ ಬಟ್ಟೆ ತುಂಡು ಸೇರಿಸಿದ ಹೊದಿಕೆ, ಹೊಲಿಯಲು ಕೂರುತ್ತೇನೆ. ಹಳೇ ಕಾಟನ್ ಸೀರೆ, ಪಂಚೆ, ಮಗನ ಸ್ಕೂಲ್ ಶರ್ಟು, ದರ್ಜಿ ಅಂಗಡಿಯಿಂದ ಕೇಳಿ ತಂದ ಚೂರುಗಳು, ಎಲ್ಲ ಆ ಗಂಟಿನಲ್ಲಿ ಇವೆ.

ನಮ್ಮಜ್ಜಿ ಕೌದಿ ಹೊಲಿಯುವಾಗ ನಾನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಒಮ್ಮೆ ಹಸಿರು ಸಾಲದು ಅನಿಸಿ, ಅಂಗಡಿಯಿಂದ ಅರ್ಧ ಮೀಟರ್ ತರಲಾ ಅಂದೆ. 'ಅಂಗಡಿಗಿಂಗಡಿ ಏನೂ ಬ್ಯಾಡ, ಇದ್ದುದ್ರಾಗ ಹೊಂದಸು' ಅಂದಳು. ಆಗ ಅದು ಜಿಪುಣತನ ಅನಿಸಿತ್ತು. ಈಗ ನನ್ನ ಇಡೀ ಕೆಲಸ ಆ ಒಂದು ಮಾತಿನ ಮೇಲೆ ನಿಂತಿದೆ. ಕಂಪ್ಯೂಟರ್ ಮುಂದೆ ಕೂತರೆ ಲಕ್ಷಗಟ್ಟಲೆ ಬಣ್ಣ, ಯಾವುದನ್ನೂ ಆರಿಸಲಾಗುವುದಿಲ್ಲ. ಗಂಟಿನಲ್ಲಿ ಮಾಸಿದ ನೀಲಿ, ಅರಿಶಿನ, ಒಂದು ಚೌಕಳಿ, ಇಳಕಲ್ ಸೀರೆ ಸೆರಗಿನ ಒಂದು ಕೆಂಪು ತುಂಡು ಇಷ್ಟೇ ಇದ್ದಾಗ, ನೀಲಿ ಪಕ್ಕ ಅರಿಶಿನ ಇಟ್ಟು ನೋಡಲೇಬೇಕು. ಸಾಮಾನ್ಯವಾಗಿ ನಾನು ಬೇಕು ಅಂತ ಎಂದೂ ಇಡದ ಜೋಡಿಯದು. ಹೋದ ದೀಪಾವಳಿ ಕಾರ್ಡಿನ ಬಣ್ಣ ಸಿಕ್ಕಿದ್ದು ಹಾಗೇ: ಒಂದು ಹಳೇ ಲುಂಗಿ ಪಕ್ಕ ಬ್ಲೌಸ್ ಪೀಸ್ ಬಿದ್ದಿತ್ತು.

ಯಲ್ಲಾಪುರ, ಹಳಿಯಾಳದ ಕಡೆ ಹೋದರೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿ. ಅವರು ಅದನ್ನು ಕವಂದಿ ಅನ್ನುತ್ತಾರೆ. ಆಫ್ರಿಕಾದಿಂದ ಬಂದವರ ಸಂತತಿ ಅವರು. ಅಲ್ಲಿ ಮೊದಲೇ ಡಿಸೈನ್ ಬರೆದುಕೊಳ್ಳುವ ಪದ್ಧತಿ ಇಲ್ಲ. ಅಂಚಿನ ಒಂದು ಮೂಲೆಯಿಂದ ಶುರು ಮಾಡಿ, ಸುತ್ತ ತೇಪೆ ಹಚ್ಚುತ್ತಾ ಒಳಗೊಳಗೆ ಬಂದು ನಡುವಿಗೆ ಮುಗಿಸುತ್ತಾರೆ. ನಾವೆಲ್ಲ ಮಧ್ಯದಲ್ಲಿ ದೊಡ್ಡದಾಗಿ ಏನೋ ಬರೆದು, ಆಮೇಲೆ ಅಂಚಿಗೆ ಬಳ್ಳಿ ಸುತ್ತಿಸಿ ಕೈ ತೊಳೆದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಎಲ್ಲ ತಿರುಗುಮುರುಗು. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಇಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತೆ. ನಡುವಿನ ಕೊನೇ ತೇಪೆ ಮುಚ್ಚುವ ಮುಂಚೆ ಕೆಲವರು ನಾಲ್ಕು ಅಕ್ಕಿ ಕಾಳು ಒಳಗೆ ಇಡುತ್ತಾರೆ. ಕೌದಿಯ ಹೊಟ್ಟೆ ಹಸಿದಿರಬಾರದು ಅಂತ. ಇದನ್ನು ತಿಳಿದ ಮೇಲೆ ನಾನು ಮೂರು ಕವರ್‌ಗಳನ್ನು ಅಂಚಿನಿಂದ ಒಳಕ್ಕೆ ಬರೆದೆ. ಒಂದು ಚೆನ್ನಾಗಿ ಬಂತು.

ಪ್ರವಾಸದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ದೂರ ಹೋದರೆ ಐಡಿಯಾ ಬರುತ್ತೆ ಅನ್ನುವುದು ಅರ್ಧ ಸುಳ್ಳು. ಒಂದು ದಿನಕ್ಕೆ ಎಂಟು ಜಾಗ ನೋಡಿ ಬಂದರೆ ಉಳಿಯುವುದು ಬೆನ್ನು ನೋವು ಮಾತ್ರ. ನಾನು ಗದಗದ ಹತ್ತಿರದ ಲಕ್ಕುಂಡಿಗೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಕಾಶಿವಿಶ್ವೇಶ್ವರ ಗುಡಿ, ಎಲ್ಲದರ ಫೋಟೋ ತೆಗೆದೆ. ಆ ಫೋಟೋಗಳನ್ನು ಇವತ್ತಿಗೂ ತೆರೆದಿಲ್ಲ. ಮೂರನೇ ಸಲ ಮಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿ ಅನ್ನುವ ಮೆಟ್ಟಿಲುಬಾವಿಯ ದಂಡೆಯಲ್ಲಿ ಸುಮ್ನೆ ಕೂತೆ. ಸಂಜೆ ನಾಲ್ಕರ ಬಿಸಿಲು. ಪ್ರತಿ ಮೆಟ್ಟಿಲ ಮೇಲ್ಭಾಗ ಬೆಳಗುತ್ತಿತ್ತು, ಮುಖಭಾಗ ಕಪ್ಪಾಗಿತ್ತು. ಪಕ್ಕದಿಂದ ನೋಡಿದರೆ ಬರೀ ಅಡ್ಡ, ಉದ್ದ, ಅಡ್ಡ, ಉದ್ದ ಗೆರೆ. ಅರೆ, ಇದು ಕಸೂತಿಯ ಮುರ್ಗಿ ಹೊಲಿಗೆ ಅಲ್ವಾ!

ಕಸೂತಿ ಗೊತ್ತಿಲ್ಲದವರಿಗೆ ಹೇಳಬೇಕು: ಅದು ನಮ್ಮ ಧಾರವಾಡದ ಕಡೆ ಬಟ್ಟೆ ಮೇಲೆ ದಾರದಿಂದ ಹಾಕುವ ಚಿತ್ತಾರ. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಮುರ್ಗಿ ಅಂದರೆ ಮೆಟ್ಟಿಲಿನ ಹಾಗೆ ಏರಿಳಿಯುವುದು. ಬಟ್ಟೆಯ ಎಳೆ ಎಣಿಸಿಕೊಂಡೇ ಹಾಕುತ್ತಾರೆ, ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಎರಡೂ ಬಟ್ಟೆಯ ಹಿಂದೆ ಮುಂದೆ ಒಂದೇ ತರ ಕಾಣಬೇಕು. ಚಿಕ್ಕಂದಿನಿಂದ ಹಾಕಿದ ಹೊಲಿಗೆ ಕಲ್ಲಿನಲ್ಲಿ ಕಂಡಿದ್ದು ಅವತ್ತೇ. ಬಸ್ ಟಿಕೆಟ್ ಹಿಂದೆ ಗೀಚಿಕೊಂಡು ಬಂದೆ.

ತೋಟ ಅಂತ ನನ್ನ ಹತ್ತಿರ ಇರುವುದು ಬಾಲ್ಕನಿಯ ಒಂಬತ್ತು ಕುಂಡ. ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಹಾಕಿ ಚೆಲ್ಲುತ್ತೇನೆ, ಮೂರ್ನಾಲ್ಕು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. ಬೆಳಿಗ್ಗೆ ಬಗ್ಗಿ ನೋಡುವುದು ಅಭ್ಯಾಸವಾಗಿದೆ, ಅದಕ್ಕಿಂತ ಜಾಸ್ತಿ ಹೇಳಲು ಏನೂ ಇಲ್ಲ. ಅಡುಗೆಯಲ್ಲೂ ಅಜ್ಜಿಯ ಮಾತೇ ನಡೆಯುತ್ತದೆ. ಹೀರೆಕಾಯಿ ಪಲ್ಯಕ್ಕೆ, ಅದರ ಸಿಪ್ಪೆ ಚಟ್ನಿಗೆ. ಸಿಪ್ಪೆಯನ್ನು ಹಸಿಮೆಣಸಿನ ಜೊತೆ ಎಣ್ಣೆಯಲ್ಲಿ ಬಾಡಿಸಿ, ಹುರಿದ ಗುರೆಳ್ಳು (ಹುಚ್ಚೆಳ್ಳು), ಹುಣಸೆಹಣ್ಣು, ಚೂರು ಬೆಲ್ಲ ಹಾಕಿ ರುಬ್ಬಿದರೆ ಬಿಸಿ ರೊಟ್ಟಿಗೆ ಬೇರೇನೂ ಬೇಡ. ಕಪ್ಪು ಹಸಿರಿನ ಆ ಚಟ್ನಿ ಪಕ್ಕ ಬಿಳಿ ಮೊಸರು ಇಟ್ಟು ಒಮ್ಮೆ ನೋಡಿ.

ಕೈಕೆಲಸ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತ ತಿಳಿಯಬೇಡಿ. ಎರಡು ತಿಂಗಳು ಕೂತು ಹೊಲಿದ ಒಂದು ಕೌದಿಯನ್ನು ಮೊದಲ ಸಲ ಒಗೆದಾಗ ಹೊಸ ಕೆಂಪು ಬಟ್ಟೆ ಬಣ್ಣ ಬಿಟ್ಟು ಪಂಚೆಯ ತುಂಡುಗಳೆಲ್ಲ ಗುಲಾಬಿ ಆದವು. ಅದರಿಂದ ಹೊಸ ಡಿಸೈನ್ ಏನೂ ಹುಟ್ಟಲಿಲ್ಲ. ಸುಮ್ನೆ ಹಾಳಾಯಿತು, ಅಷ್ಟೇ. ಈಗ ಅದನ್ನು ಇಸ್ತ್ರಿ ಮಾಡುವಾಗ ಟೇಬಲ್ ಮೇಲೆ ಹಾಸುತ್ತೇನೆ.

ನೀವು ಶುರು ಮಾಡುವುದಾದರೆ ಇಡೀ ಹೊದಿಕೆಗೆ ಕೈ ಹಾಕಬೇಡಿ, ದಿಂಬಿನ ಕವರ್ ಅಳತೆ ಸಾಕು. ಮನೆಯಲ್ಲಿರುವ ಹಳೇ ಬಟ್ಟೆಯನ್ನೇ ತೆಗೆದುಕೊಳ್ಳಿ, ಹೊಸದು ಕೊಳ್ಳಬೇಡಿ. ಕಾಟನ್ ಇರಲಿ, ಪಾಲಿಸ್ಟರ್ ಜಾರುತ್ತದೆ. ಹತ್ತು ತುಂಡು ನೆಲದ ಮೇಲೆ ಹರಡಿ ಒಂದು ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ಎದ್ದು ಎರಡನ್ನು ಅದಲುಬದಲು ಮಾಡಿ. ಕೆಂಪು ಬಟ್ಟೆ ಇದ್ದರೆ ದಯವಿಟ್ಟು ಮೊದಲು ಬಕೆಟ್ಟಿನಲ್ಲಿ ನೆನೆಹಾಕಿ.