ಬಚ್ಚಲಿನ ಬಿಳಿ ಕರೆಗೆ ಆಸಿಡ್ ಬೇಡ, ನಿಂಬೆ ಉಪ್ಪು ಸಾಕು

ಅಕ್ಕಾ, ಕೋಲಾರದ ಹೊಸ ಮನೆಯಲ್ಲಿ ಒಂದೇ ವರ್ಷಕ್ಕೆ ನಲ್ಲಿ, ಟೈಲ್ಸ್, ಶವರಿನ ಗಾಜು ಎಲ್ಲಾ ಬೆಳ್ಳಗಾಗಿದೆ, ಉಜ್ಜಿದರೂ ಹೋಗುತ್ತಿಲ್ಲ, ಆಸಿಡ್ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ನಮ್ಮದೂ ಬೋರ್‌ವೆಲ್ ನೀರೇ. ಟಾಯ್ಲೆಟ್ ತೊಳೆಯುವ ಆಸಿಡ್ ಅನ್ನೇ ನಲ್ಲಿಗೂ ಹಚ್ಚಿದ್ದೆವು. ಕರೆ ಹೋಯಿತು, ಜೊತೆಗೆ ಕ್ರೋಮ್ ಹೊಳಪೂ ಹೋಯಿತು. ಅದು ಮತ್ತೆ ಬರಲಿಲ್ಲ, ನಲ್ಲಿಯನ್ನೇ ಬದಲಾಯಿಸಬೇಕಾಯಿತು.

ನಿಮ್ಮ ಟೈಲ್ಸ್ ಮೇಲೆ ಎರಡು ಥರದ ಕೊಳೆ ಕೂತಿದೆ. ಒಂದು ಸುಣ್ಣ. ಬೋರ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ನೀರು ಆರಿದ ಮೇಲೆ ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ಹಳೇ ಮನೆಗಳಲ್ಲಿ ಬಚ್ಚಲ ಹಂಡೆಯ ಒಳಗೆ ಬೆಳ್ಳಗೆ ಚಕ್ಕೆ ಕಟ್ಟುತ್ತಿತ್ತಲ್ಲ, ಅದೇ ಇದು. ಇನ್ನೊಂದು ಸೋಪಿನ ಜಿಡ್ಡು. ಇಂಥ ಗಡಸು ನೀರಿನ ಕ್ಯಾಲ್ಸಿಯಂ ಸೋಪಿಗೆ ಸೇರಿದರೆ ನೊರೆ ಕಡಿಮೆಯಾಗಿ, ನೀರಿಗೆ ಕರಗದ ಬೂದು ಪದರ ಆಗುತ್ತದೆ. ಸುಣ್ಣ ಹುಳಿಗೆ, ಅಂದರೆ ಆಸಿಡ್ ಗುಣ ಇರುವ ನಿಂಬೆ, ವಿನೆಗರ್ ಥರದ್ದಕ್ಕೆ, ಕರಗುತ್ತದೆ, ಜಿಡ್ಡು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಜಿಡ್ಡು ಇರುವಾಗಲೇ ಹುಳಿ ಹಚ್ಚಿದರೆ ಅದು ಕೆಳಗಿನ ಸುಣ್ಣದ ತನಕ ಸರಿಯಾಗಿ ಇಳಿಯುವುದಿಲ್ಲ.

ಹಾಗಾಗಿ ಮೊದಲು ಜಿಡ್ಡು ತೆಗೆಯಿರಿ. ಬಿಸಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಜಾಸ್ತಿಯೇ ಹಾಕಿ, ಗೋಡೆಗೆ ಬಳಿದು ಹತ್ತು ನಿಮಿಷ ಬಿಡಿ. ಮೆತ್ತನೆಯ ಸ್ಪಂಜಿನಲ್ಲಿ ಉಜ್ಜಿ ತೊಳೆಯಿರಿ. ಸ್ಟೀಲ್ ನಾರು ಮುಟ್ಟಲೇಬೇಡಿ. ಅದು ಮಾಡುವ ಗೀರಿನಲ್ಲಿ ಮುಂದಿನ ಸಲ ಕರೆ ಇನ್ನೂ ಬೇಗ ಕೂರುತ್ತದೆ.

ಆಮೇಲೆ ಸುಣ್ಣದ ಕೆಲಸ. ಗ್ರಂಥಿಗೆ ಅಂಗಡಿಯಲ್ಲಿ ನಿಂಬೆ ಉಪ್ಪು ಕೇಳಿ, ಅದೇ ಸಿಟ್ರಿಕ್ ಆಸಿಡ್. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕರಗಿಸಿ. ವಿನೆಗರ್‌ಗಿಂತ ನನಗೆ ಇದೇ ಇಷ್ಟ, ಬಚ್ಚಲೆಲ್ಲಾ ವಾಸನೆ ಆಗುವುದಿಲ್ಲ. ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ. ಹಳೇ ಬನಿಯನ್ ಬಟ್ಟೆಯನ್ನು ಇದರಲ್ಲಿ ನೆನೆಸಿ ನಲ್ಲಿಗೆ ಸುತ್ತಿಬಿಡಿ. ಹುಳಿ ಒದ್ದೆಯಾಗಿ ಅಂಟಿಕೊಂಡು ಇರಬೇಕು, ಸುಮ್ನೆ ಸ್ಪ್ರೇ ಮಾಡಿದರೆ ಹರಿದು ಹೋಗುತ್ತದೆ. ಕ್ರೋಮ್ ನಲ್ಲಿಗೆ ಹದಿನೈದು ನಿಮಿಷ ಸಾಕು, ಗಾಜಿಗೆ ಅರ್ಧ ಗಂಟೆ. ಪೂರ್ತಿ ಹೋಗದಿದ್ದರೆ ತೊಳೆದು ಇನ್ನೊಮ್ಮೆ ಸುತ್ತಿ, ಬಲ ಹಾಕಿ ಕೆರೆಯಬೇಡಿ. ಶವರಿನ ತೂತು ಕಟ್ಟಿದ್ದರೆ ಇದೇ ನೀರನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ, ಶವರಿನ ತಲೆ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ. ನಲ್ಲಿಯ ಬಾಯಿಯಲ್ಲಿರುವ ಜಾಲರಿಯನ್ನೂ ಬಿಚ್ಚಿ ನೆನೆಹಾಕಿ. ನೀರು ಸಣ್ಣಗೆ ಬರುತ್ತಿದ್ದರೆ ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ.

ಟೈಲ್ಸ್ ಸಂದಿನಲ್ಲಿ ಸಿಮೆಂಟ್ ಇದ್ದರೆ ಮೊದಲು ಸಾದಾ ನೀರು ಸುರಿದು ನೆನೆಸಿ. ಸಿಮೆಂಟಿನಲ್ಲೂ ಸುಣ್ಣ ಇದೆ, ಹುಳಿ ಒಳಗೆ ಇಳಿದರೆ ಅದನ್ನೂ ತಿನ್ನುತ್ತದೆ. ಮಾರ್ಬಲ್, ಕಡಪ ಕಲ್ಲು, ಮೊಸಾಯಿಕ್ ನೆಲಕ್ಕೆ ನಿಂಬೆ ಉಪ್ಪು, ವಿನೆಗರ್, ನಿಂಬೆಹಣ್ಣು ಯಾವುದೂ ಬೇಡ. ಕಲ್ಲೇ ಕರಗಿ ಮಂಕಾಗುತ್ತದೆ.

ಇದನ್ನು ಮನೆಯವರಿಗೆಲ್ಲಾ ಹೇಳಿಬಿಡಿ: ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಯಾವುದನ್ನೂ ಹುಳಿಯ ಜೊತೆ ಸೇರಿಸಬಾರದು. ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಚಿಕ್ಕದಿರುವ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಕೆಲಸಕ್ಕೆ ಬರುವವರಿಗಂತೂ ತಪ್ಪದೇ ಹೇಳಿ, ಎರಡು ಬಾಟಲಿ ಸೇರಿಸಿದರೆ ಬೇಗ ಬೆಳ್ಳಗಾಗುತ್ತದೆ ಅಂದುಕೊಂಡು ಸುರಿದುಬಿಡುತ್ತಾರೆ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಅಂತ ಕೆಲವರು ಹೇಳುತ್ತಾರೆ. ಅದರಿಂದ ಅಪಾಯ ಇಲ್ಲ, ಆದರೆ ಉಪಯೋಗವೂ ಇಲ್ಲ. ಗುಳ್ಳೆ ಚೆನ್ನಾಗಿ ಬರುತ್ತದೆ, ಅಷ್ಟರಲ್ಲಿ ಹುಳಿ ಸತ್ತಿರುತ್ತದೆ.

ಮತ್ತೆ ಕಟ್ಟದ ಹಾಗೆ ಮಾಡಲು ಸ್ನಾನ ಆದ ಮೇಲೆ ವೈಪರ್‌ನಲ್ಲಿ ಗಾಜಿನ ನೀರು ಎಳೆದು, ನಲ್ಲಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಒಂದೇ ನಿಮಿಷದ ಕೆಲಸ. ನೀರು ಆರುವುದಕ್ಕೆ ಬಿಡದಿದ್ದರೆ ಸುಣ್ಣ ಕೂರುವುದೆಲ್ಲಿ? ಸೋಪಿನ ಬದಲು ಬಾಡಿ ವಾಷ್ ಬಳಸಿದರೆ ಜಿಡ್ಡೂ ಕಡಿಮೆ. ನೀರಿನ ಗಡಸುತನ ಇಳಿಸುವ ಸಾಫ್ಟ್‌ನರ್ ಯಂತ್ರ ಹಾಕಿಸುವ ಯೋಚನೆ ಇದ್ದರೆ ಮೊದಲು ನೀರಿನ ಗಡಸುತನ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇದೆ, ಬೇರೆ ನೀರೇ ಸಿಗದಿದ್ದರೆ 600. ನಿಮ್ಮದು ಆ 600ಕ್ಕೂ ಮೇಲೆ ಬಂದರೆ ಸಾಫ್ಟ್‌ನರ್ ಖರ್ಚು ಗೀಸರ್ ಉಳಿಸುವುದಕ್ಕಾದರೂ ಸಾರ್ಥಕ. ಆ ಯಂತ್ರಕ್ಕೆ ಉಪ್ಪು ಹಾಕುವುದನ್ನು ಮಾತ್ರ ಮರೆಯಬಾರದು.

ಗಾಜಿನ ಬಗ್ಗೆ ಒಂದು ಮಾತು. ಮೂರು ಸಲ ಮಾಡಿದರೂ ಮಬ್ಬು ಉಳಿದು, ಉಗುರಿಗೆ ಏನೂ ತಾಗದಿದ್ದರೆ ಗಾಜೇ ಸವೆದಿದೆ ಅಂತ ಅರ್ಥ. ಅದಕ್ಕೆ ಸೀರಿಯಂ ಆಕ್ಸೈಡ್ ಪಾಲಿಶ್ ಬೇಕು, ಗಾಜಿನ ಅಂಗಡಿಯಲ್ಲಿ ವಿಚಾರಿಸಿ. ಈ ಭಾನುವಾರ ಒಂದು ನಲ್ಲಿ, ಗಾಜಿನ ಒಂದು ಮೂಲೆ ಮಾತ್ರ ಮಾಡಿ ನೋಡಿ ಅಕ್ಕಾ. ಫೋಟೊ ಹಾಕಿ, ಉಳಿದದ್ದು ನೋಡಿ ಹೇಳುತ್ತೇನೆ.