ಹುಳು ತಿಂದ ಎಲೆ ಇರಲಿ ಬಿಡಿ

ಪತ್ರ: ನಮ್ಮ ಪುಟ್ಟ ಬಾಲ್ಕನಿಯ ಕುಂಡಗಳ ತುಂಬ ಹೂ. ಆದರೂ ಚಿಟ್ಟೆ, ಜೇನು, ಹಕ್ಕಿ ಒಂದೂ ಸುಳಿಯುವುದಿಲ್ಲ. ನಿಂಬೆ ಗಿಡಕ್ಕೆ ಮಾತ್ರ ಹುಳು ಬಿದ್ದು ಔಷಧಿ ಹೊಡೆಯಬೇಕಾಯಿತು. ಎಲ್ಲಿ ತಪ್ಪುತ್ತಿದೆ?

ಉತ್ತರ: ಆ ಹುಳುವಿನಿಂದಲೇ ಶುರು ಮಾಡೋಣ. ಮರಿಯಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿಯಾಗಿ ಎಲೆಗೆ ಅಂಟಿಕೊಂಡಿದ್ದು, ಬೆಳೆದ ಮೇಲೆ ಹಸಿರಾಗಿ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಘಾಟು ಬಿಡುತ್ತಿತ್ತೇ? ಹಾಗಿದ್ದರೆ ನೀವು ಔಷಧಿ ಹೊಡೆದದ್ದು ಚಿಟ್ಟೆಗೇ. ಹೂವಿನ ಮಕರಂದ ಚಿಟ್ಟೆಯ ಊಟ ಮಾತ್ರ. ಅದು ಮೊಟ್ಟೆಯಿಡುವುದು ಮರಿ ತಿನ್ನಬಲ್ಲ ಎಲೆಯ ಮೇಲೆ. ನಿಂಬೆ ಅಥವಾ ಕರಿಬೇವಿನ ಒಂದು ಗಿಡವನ್ನು ಹುಳುಗಳಿಗೆಂದೇ ಬಿಟ್ಟುಕೊಡಿ. ಎಲೆ ಬೋಳಾದರೂ ಆರೋಗ್ಯವಂತ ಗಿಡ ಮತ್ತೆ ಚಿಗುರುತ್ತದೆ. ಬೇವಿನೆಣ್ಣೆಯೂ ಈ ಮರಿಗಳನ್ನು ಕೊಲ್ಲುತ್ತದೆ, ಆದ್ದರಿಂದ 'ಸಾವಯವ' ಎಂದು ನಂಬಿ ಸಿಂಪಡಿಸಬೇಡಿ. ಗಿಡಹೇನು ಕಂಡರೆ ನೀರು ರಭಸವಾಗಿ ಹಾಯಿಸಿ ತೊಳೆದರೆ ಸಾಕು.

ಇನ್ನು ಹೂವಿನ ವಿಷಯ. ಸುತ್ತುಸುತ್ತಾಗಿ ದಳ ತುಂಬಿದ ತಳಿಗಳಲ್ಲಿ ಕೇಸರಗಳೇ ದಳಗಳಾಗಿ ಬದಲಾಗಿರುವುದರಿಂದ ಪರಾಗ ಕಡಿಮೆ, ಮಕರಂದಕ್ಕೆ ದಾರಿಯೂ ಇಲ್ಲ. ನೋಡುವವರ ಕಣ್ಣಿಗೆ ಹಬ್ಬ, ಜೇನಿಗೆ ಉಪವಾಸ. ಒಂಟಿಸುತ್ತಿನ ದಳದ ಹೂಗಳನ್ನೇ ಆರಿಸಿ. ಒಂದೇ ಜಾತಿಯ ಮೂರು ನಾಲ್ಕು ಕುಂಡಗಳನ್ನು ಒತ್ತಾಗಿಡಿ, ಏಕೆಂದರೆ ಜೇನು ಒಂದು ಸುತ್ತಿನಲ್ಲಿ ಹೆಚ್ಚಾಗಿ ಒಂದೇ ಬಗೆಯ ಹೂವಿಗೆ ಹೋಗುತ್ತದೆ. ತುಳಸಿಯ ಕದಿರು ಚಿವುಟಬೇಡಿ. ಕೊತ್ತಂಬರಿ, ಸಬ್ಬಸಿಗೆಯನ್ನು ಹೂ ಬಿಡುವವರೆಗೂ ಬೆಳೆಯಲು ಬಿಡಿ. ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿಗೆ ಕೇಪಳದಂಥ ಕೊಳವೆ ಹೂ ಇಷ್ಟ. ಇವಕ್ಕೆಲ್ಲ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಗಾಳಿ ಜೋರಾಗಿ ಬಡಿಯುವ ಕಡೆ ಚಿಟ್ಟೆ ಕೂರುವುದಿಲ್ಲ, ಅಂಚಿಗೆ ಒಂದು ಪೊದೆಗಿಡದ ಮರೆ ಕೊಡಿ.

ಗಿಡ ಕೊಳ್ಳುವಾಗ ಬೇರಿಗೆ ಔಷಧಿ ಹಾಕಿದ್ದಾರೆಯೇ ಎಂದು ತಪ್ಪದೆ ಕೇಳಿ. ಗಿಡದೊಳಗೆ ಹರಡುವ ಕೀಟನಾಶಕ ಪರಾಗಕ್ಕೂ ಮಕರಂದಕ್ಕೂ ಇಳಿಯುತ್ತದೆ.

ನೀರಿಗೆ ಅಗಲವಾದ ಮಣ್ಣಿನ ತಟ್ಟೆ, ಆಳ 2-3 ಸೆಂ.ಮೀ. ಕೀಟಗಳು ಮುಳುಗದಂತೆ ಮೇಲೆ ಚಾಚಿಕೊಳ್ಳುವ ಕಲ್ಲುಗಳಿರಲಿ. ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆದು ನೀರು ಬದಲಿಸಿದರೆ ಸೊಳ್ಳೆ ಮರಿ ಬಲಿಯಲು ಸಮಯ ಸಿಗುವುದಿಲ್ಲ. ಹಕ್ಕಿಗೆ ಕಾಳು ಹಾಕುವುದಕ್ಕಿಂತ ಈ ನೀರೇ ಮೇಲು: ಚೆಲ್ಲಿದ ಕಾಳಿಗೆ ಇಲಿ, ಪಾರಿವಾಳ ಸೇರುತ್ತವೆ.

ಭಾರವನ್ನೂ ಲೆಕ್ಕ ಹಾಕಿ. 12 ಇಂಚಿನ ಒಂದು ಕುಂಡ ಮಣ್ಣು ನೆಂದಾಗ 20 ಕೆ.ಜಿ. ದಾಟಬಹುದು. ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ಹಗುರ ಮಾಡಿ, ದೊಡ್ಡ ಕುಂಡಗಳನ್ನು ಗೋಡೆ ಬದಿಗೆ ಇಡಿ. ಹಕ್ಕಿ ಬರತೊಡಗಿದ ಮೇಲೆ ಗಾಜಿನ ಬಾಗಿಲೇ ಅದಕ್ಕೆ ದೊಡ್ಡ ಅಪಾಯ. ಹೊರಮೈಗೆ 5 ಸೆಂ.ಮೀ. ಅಂತರದಲ್ಲಿ ಚುಕ್ಕಿ ಅಂಟಿಸಿ. ಮಧ್ಯದಲ್ಲಿ ಒಂದೇ ಸ್ಟಿಕ್ಕರ್ ಹಚ್ಚಿದರೆ ಹಕ್ಕಿ ಅದರ ಪಕ್ಕದ ಗಾಜಿಗೇ ಬಂದು ಬಡಿಯುತ್ತದೆ.

— ಸಂ.